ಹೋದ ಹಲ್ಲು, ದಂತ್ಯಾಕ್ಷರ ಮತ್ತು 35 ಸಾವಿರ ರೂಪಾಯಿ

ಮೇಲಿನ ಸಾಲಿನ ಮುಂದಿನ ಎರಡು ದೊಡ್ಡ ಹಲ್ಲುಗಳಲ್ಲಿ ಎಡಗಡೆಯದು ನನ್ನ ಬಾಯಿಂದ ಹೋಗಿ ಈಗ ಏಳು ತಿಂಗಳಾಯಿತು. ದವಡೆ ಹಲ್ಲಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಾನೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮುಂದಿನ ಹಲ್ಲು ನೋಡಿ... ಒಬ್ಬ ಕನ್ನಡ ಮಾಸ್ತರನ ಅರ್ಧ ನೌಕರಿ ಅದರ ಮೇಲೆ ನಿಂತಿರುತ್ತದೆ ಅನ್ನೋದು ಅದು ಹೋದ ಮೇಲೆ ತಿಳಿಯಿತು.

ಹೋಗಿದ್ದು ಹೀಗೆ. ಡಿಸೆಂಬರಿನಲ್ಲಿ ಕೇಂದ್ರ ಮಟ್ಟದ ಕ್ರೀಡಾ ಸ್ಪರ್ಧೆಗೆ ಮಕ್ಕಳ ಕಬಡ್ಡಿ ಅಭ್ಯಾಸ ನಡೆದಿತ್ತು. ನಡುಗೆರೆಯ ಪಕ್ಕ ಬಗ್ಗಿ ನಿಂತು ಕೈ ಗೆರೆ ಮುಟ್ಟುತ್ತದೋ ಇಲ್ಲವೋ ನೋಡುತ್ತಿದ್ದೆ. ಏಳನೇ ಇಯತ್ತೆಯ ಹುಡುಗ ಹಿಡಿತ ಬಿಡಿಸಿಕೊಂಡು ಒಮ್ಮೆಲೆ ಮೇಲಕ್ಕೆ ನೆಗೆದ. ಅವನ ತಲೆ, ನನ್ನ ಬಾಯಿ. ಹಲ್ಲು ಬೀಳಲಿಲ್ಲ, ಬೇರಿನಲ್ಲಿ ಸೀಳಿತು. ವಿಜಯಪುರದ ದಂತ ವೈದ್ಯರು ಎಕ್ಸರೇ ತೆಗೆದು, "ಸರ್, ಬೇರು ಉದ್ದಕ್ಕ ಸೀಳೇತ್ರಿ, ಉಳಿಯೂದಿಲ್ಲ" ಅಂದರು. ತೆಗೆಸಿಕೊಂಡು ಬಂದೆ. (ಸಾಂಗ್ಲಿ ನಮ್ಮ ಜಿಲ್ಲಾ ಕೇಂದ್ರವೇನೋ ಹೌದು. ಆದರೆ ಉಮದಿ ಕಡೆಯವರಿಗೆ ಅದು ನೂರು ಕಿಲೋಮೀಟರಿಗಿಂತ ದೂರ. ಹಲ್ಲು ನೋವಿಗೆ ರಾಜ್ಯದ ಗಡಿ ಗೊತ್ತಾಗುವುದಿಲ್ಲ, ಹತ್ತಿರದ ಊರು ಗೊತ್ತಾಗುತ್ತದೆ.)

ಆ ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಅವನ ಅಪ್ಪನೇ ಕರೆದುಕೊಂಡು ಬಂದ. ದಾಳಿಂಬೆ ತೋಟಗಳಿಗೆ ಕೂಲಿಗೆ ಹೋಗುವ ಮನುಷ್ಯ. "ಗುರೂಜಿ, ಹಲ್ಲಿಂದು ಏನ್ ಖರ್ಚು ಬರ್ತೈತಿ ಹೇಳ್ರಿ, ಆಡು ಮಾರಿ ಕೊಡ್ತೇನಿ" ಅಂದ. ಆಟದಾಗ ಆಗೂದ ಇದು, ಹುಡುಗನ್ನ ಬೈಬ್ಯಾಡ್ರಿ ಅಂತ ಹೇಳಿ ಚಹಾ ಕುಡಿಸಿ ಕಳಿಸಿದೆ. ಆದರೆ ಆ ಹುಡುಗ ಮಾತ್ರ ನನ್ನ ಮುಖ ನೋಡುವುದನ್ನೇ ಬಿಟ್ಟ. ಪ್ರಶ್ನೆ ಕೇಳಿದರೆ ನೆಲ ನೋಡಿ ಉತ್ತರ ಕೊಡುತ್ತಿದ್ದ. ನಾನು ಬಾಯಿ ತೆರೆದಾಗೆಲ್ಲ ಅವನಿಗೆ ಕಾಣುತ್ತಿದ್ದದ್ದು ಆ ಕಿಂಡಿಯೇ.

ಒಂದನೇ ಇಯತ್ತೆಯವರಿಗೆ ಅಂಥ ದುಃಖ ಏನೂ ಇರಲಿಲ್ಲ. ಆರೇಳು ವರ್ಷಕ್ಕೆ ಮುಂದಿನ ಹಾಲುಹಲ್ಲು ಬೀಳುವ ಕಾಲ, ಅರ್ಧ ತರಗತಿಗೆ ನನ್ನ ಹಾಗೇ ಕಿಂಡಿ. "ಸರ್ರೀ, ನಿಮಗ ಹೊಸಾದು ಯಾವಾಗ ಬರ್ತೈತ್ರಿ?" ಅಂತ ಒಬ್ಬಳು ಕೇಳಿದಳು. ಇನ್ನೊಬ್ಬಳು ಸಗಣಿಯಲ್ಲಿಟ್ಟು ಮಾಳಿಗಿ ಮೇಲೆ ಒಗೆದಿರೋ ಇಲ್ಲವೋ ಅಂತ ವಿಚಾರಿಸಿದಳು! ಒಗೆಯದಿದ್ದರೆ ಬರುವುದಿಲ್ಲವಂತೆ.

ಈಗ ಅಕ್ಷರದ ಮಾತಿಗೆ ಬರುತ್ತೇನೆ. ಟಿಸಿಎಚ್ ಓದುವಾಗ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಅಂತ ಬಾಯಿಪಾಠ ಮಾಡಿದ್ದೆವು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ, ಅಷ್ಟೇ. ತ ಥ ದ ಧ ನ ಹೇಳುವಾಗ ನಾಲಿಗೆಯ ತುದಿ ಮುಂದಿನ ಮೇಲ್ಹಲ್ಲಿನ ಹಿಂಬದಿಗೆ ತಾಗಬೇಕು. ಸ ಹೇಳುವಾಗ ಗಾಳಿ ಹಲ್ಲಿನ ಹಿಂದಿನ ಸಣ್ಣ ಸಂದಿಯಿಂದ ತೆಳ್ಳಗೆ ಹೋಗಬೇಕು. ಕಿಂಡಿ ಇದ್ದರೆ ಗಾಳಿ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. "ಸರಸ್ವತಿ" ಅಂದರೆ ಎರಡು ಸಲ ಸೀಟಿ. ಹಿಂದಿನ ಬೆಂಚಿನವರು ನಕ್ಕರು, ನಾನೂ ನಕ್ಕೆ.

ಮರಾಠಿ ತಾಸಿನಲ್ಲಿ ಇನ್ನೊಂದು ಪೇಚು. ಮರಾಠಿಯ ಚ ಒಂದೇ ಬರಹ, ಉಚ್ಚಾರ ಎರಡು. ನಾಲ್ಕು ಎನ್ನುವ 'ಚಾರ'ದ ಚ ನಮ್ಮ ಕನ್ನಡದ ಚದ ಹಾಗೆ. ಗಾಲಿ ಎನ್ನುವ 'ಚಾಕ'ದ ಚ ಹಾಗಲ್ಲ, ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ, ತ್ಸ ಅನ್ನುವ ಹಾಗೆ ಹೇಳಬೇಕು. ಕನ್ನಡ ಮನೆಯ ಮಕ್ಕಳಿಗೆ ಈ ಎರಡನೆಯ ಚ ಕಲಿಸುವುದು ಹಲ್ಲಿದ್ದಾಗಲೇ ಕಷ್ಟ.

ತಾತ್ಪೂರ್ತಿಕ ಅಂತ ಜನವರಿಯಲ್ಲಿ ತೆಗೆದು ಹಾಕುವ ಹಲ್ಲು ಮಾಡಿಸಿದೆ. 2,500 ರೂಪಾಯಿ. ಅಂಗಳಕ್ಕೆ ಅಂಟಿ ಕೂರುವ ಗುಲಾಬಿ ಬಣ್ಣದ ಪ್ಲೇಟು, ಅದರ ತುದಿಗೆ ಒಂದು ಹಲ್ಲು. ಕನ್ನಡಿಯಲ್ಲಿ ಚೆನ್ನಾಗಿ ಕಂಡಿತು. ಸ ಸರಿಹೋಯಿತು. ಆದರೆ ಳ ಕೆಟ್ಟಿತು! ಳ, ಟ, ಡ, ಣ ಹೇಳಲು ನಾಲಿಗೆ ಮೇಲಕ್ಕೆ ಮಡಚಿ ಅಂಗಳ ಮುಟ್ಟಬೇಕು. ಅಲ್ಲಿ ಈಗ ಪ್ಲಾಸ್ಟಿಕ್ಕು ಕೂತಿತ್ತು. ಕೆಲವು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ ಅಂದಿದ್ದರು ವೈದ್ಯರು. ಮಾತಿನ ಮಟ್ಟಿಗೆ ಹೊಂದಿಕೊಂಡಿತು ಕೂಡ. ಪಾಠದ ಮಟ್ಟಿಗೆ?

ಫೆಬ್ರುವರಿಯ ಒಂದು ದಿನ ಎರಡನೇ ಇಯತ್ತೆಗೆ ಶ್ರುತಲೇಖನ ಕೊಟ್ಟೆ. ಬೆಳೆ, ಮಳೆ, ಬಳೆ, ಕೇಳು, ಹೀಗೆ ಹತ್ತು ಶಬ್ದ. ಹದಿನೇಳು ಮಕ್ಕಳಲ್ಲಿ ಆರು ಜನ 'ಬೆಲೆ' ಎಂದು ಬರೆದಿದ್ದರು, ನಾಲ್ವರು 'ಬಲೆ' ಎಂದು. ಅವರಲ್ಲಿ ಇಬ್ಬರು ಎಂದೂ ತಪ್ಪು ಬರೆಯದವರು. ಅವರ ಪಾಟಿಯ ಮೇಲೆ ಕೆಂಪು ಗುರುತು ಹಾಕಲು ನನಗೆ ಕೈ ಬರಲಿಲ್ಲ, ಯಾಕೆಂದರೆ ಅವರು ಕೇಳಿದ್ದನ್ನು ಸರಿಯಾಗಿಯೇ ಬರೆದಿದ್ದರು. ಮರಾಠಿಯಲ್ಲೂ ಇದೇ ಗತಿ. 'ಕಾಳ' ಅಂದರೆ ಸಮಯ, 'ಕಾಲ' ಅಂದರೆ ನಿನ್ನೆ.

ಕರ್ನಾಟಕದ ಶಿಕ್ಷಕ ಮಿತ್ರರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಅಲ್ಲಿ ಮಗುವಿಗೆ ಬಸ್ಸಿನ ಬೋರ್ಡು, ಬ್ಯಾಂಕಿನ ಅರ್ಜಿ, ತಹಸೀಲದಾರ ಕಚೇರಿಯ ನೋಟೀಸು ಎಲ್ಲವೂ ಕನ್ನಡ. ಮಾಸ್ತರ ಒಂದು ಅಕ್ಷರ ತಪ್ಪಿ ಹೇಳಿದರೆ ಊರು ತಿದ್ದುತ್ತದೆ. ನಮ್ಮಲ್ಲಿ ಅವೆಲ್ಲ ಮರಾಠಿ. ಮನೆಯಲ್ಲಿ ಕನ್ನಡ ಇದೆ, ಅದು ಸೊಗಸಾದ ಕನ್ನಡವೇ, ಆದರೆ ಮಾತಿನ ಕನ್ನಡ. ಟಿವಿಯಲ್ಲಿ ಧಾರಾವಾಹಿ ಇದೆ, ನಿಜ. ಅದು ಉಕ್ತಲೇಖನ ಹೇಳುವುದಿಲ್ಲ. ಬಾಲಭಾರತಿಯ ಕನ್ನಡ ಪುಸ್ತಕದ ಅಕ್ಷರಕ್ಕೆ ದನಿ ಬರುವುದು ನಮ್ಮಂಥ ಒಬ್ಬಿಬ್ಬರ ಬಾಯಿಂದ. ಆ ಬಾಯಿಯಲ್ಲಿ ಪ್ಲಾಸ್ಟಿಕ್ಕು ಇದ್ದರೆ?

ಪ್ಲೇಟು ಬೇಡ ಅಂದಾಗ ಉಳಿದದ್ದು ಎರಡು ದಾರಿ. ಒಂದು ಬ್ರಿಜ್ಜು, ಸುಮಾರು 12 ಸಾವಿರ. ಆಚೀಚೆಯ ಎರಡು ಹಲ್ಲನ್ನು ಅರೆದು ಸಣ್ಣ ಮಾಡಿ, ಮೂರು ಹಲ್ಲಿನ ಒಂದೇ ಟೊಪ್ಪಿಗೆ ತೊಡಿಸುವುದು. ಹದಿನೈದು ದಿನದೊಳಗೆ ಕೆಲಸ ಮುಗಿಯುತ್ತದೆ. ಇನ್ನೊಂದು ಇಂಪ್ಲಾಂಟು. ದವಡೆ ಎಲುಬಿನಲ್ಲಿ ಟೈಟಾನಿಯಂ ಸ್ಕ್ರೂ ಕೂರಿಸಿ, ಎಲುಬು ಅದನ್ನು ಹಿಡಿಯಲು ಮೂರರಿಂದ ಆರು ತಿಂಗಳು ಬಿಟ್ಟು, ಅದರ ಮೇಲೆ ಹಲ್ಲು. ನನಗೆ ಹೇಳಿದ್ದು 35 ಸಾವಿರ, ಸ್ಕ್ಯಾನಿಂಗ್ ಬೇರೆ.

ಲೋಹಕ್ಕೆ ಎಲುಬು ಹೇಗೆ ಅಂಟಿಕೊಳ್ಳುತ್ತದೆ ಅಂತ ನನಗೆ ಕುತೂಹಲ. ಹುಡುಕಿ ಓದಿದೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವೈದ್ಯರು 1952ರಲ್ಲಿ ಮೊಲದ ಕಾಲಿನ ಎಲುಬಿನೊಳಗೆ ರಕ್ತ ಹೇಗೆ ಹರಿಯುತ್ತದೆ ನೋಡಲು ಟೈಟಾನಿಯಂನ ಸಣ್ಣ ಉಪಕರಣ ಕೂರಿಸಿದ್ದರಂತೆ. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಎಲುಬು ಅದನ್ನು ತನ್ನದೇ ಅಂತ ಹಿಡಿದುಕೊಂಡಿತ್ತು! ಅವರು ಹಲ್ಲಿನ ವೈದ್ಯರೇ ಅಲ್ಲ. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬುವರ ಕೆಳದವಡೆಯಲ್ಲಿ ನಾಲ್ಕು ಸ್ಕ್ರೂ ಕೂರಿಸಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 40 ವರ್ಷಕ್ಕೂ ಹೆಚ್ಚು, ಅವು ಬಾಯಲ್ಲಿದ್ದವು. ಆದರೂ ಜಗತ್ತಿನ ದಂತ ವೈದ್ಯರು ಇದನ್ನು ಒಪ್ಪತೊಡಗಿದ್ದು 1982ರ ಟೊರಾಂಟೊ ಸಮ್ಮೇಳನದ ನಂತರ.

ಮನೆಯಲ್ಲಿ ಸಭೆ ಸೇರಿತು. ಅವ್ವನಿಗೆ ಎಪ್ಪತ್ತು ದಾಟಿದೆ. ಚಿಕ್ಕಂದಿನಿಂದ ಮಿಸ್ರಿ ತಿಕ್ಕಿದ ಬಾಯಿ, ಈಗ ಒಂದು ಹಲ್ಲೂ ಇಲ್ಲ. "ಅಲ್ಲೋ ತಮ್ಮಾ, ಅಷ್ಟ ರೊಕ್ಕಕ್ಕ ಮೂರು ಆಡು ಬರ್ತಾವ. ನಾ ಹಲ್ಲಿಲ್ಲದ ರೊಟ್ಟಿ ತಿನ್ನೂದಿಲ್ಲೇನ? ಸಾರಿನಾಗ ಅದ್ದಿ ತಿಂದ್ರ ಆತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ, "ಜತ್ತದ ಯಲ್ಲಮ್ಮನ ಜಾತ್ರ್ಯಾಗ ಖಿಲ್ಲಾರಿ ಎತ್ತಿಂದು ಮೊದಲ ಬಾಯಿ ತಗದ ನೋಡ್ತಾರ, ಆಮ್ಯಾಲ ಕಾಲು" ಅಂದಳು. ಅದು ಹಾಕಿಸು ಅಂತಲೋ ಬೇಡ ಅಂತಲೋ ಇವತ್ತಿಗೂ ತಿಳಿದಿಲ್ಲ. ನನ್ನ ಹೆಂಡತಿಯ ಲೆಕ್ಕ ಬೇರೆ. ಜೂನಿನಲ್ಲಿ ಮಗಳ ಕಾಲೇಜಿನ ಫೀ ಕಟ್ಟಬೇಕು. "ಬ್ರಿಜ್ ಹಾಕಿಸ್ಕೊರಿ, ಉಳಿದಿದ್ದು ಫೀಜಿಗೆ ಆಗ್ತೈತಿ." ಸಹೋದ್ಯೋಗಿಗಳೂ ಅದನ್ನೇ ಹೇಳಿದರು. ಒಬ್ಬರು ಮಾತ್ರ ದಂತ ಕಾಲೇಜಿಗೆ ಹೋಗಿ ಅಂದರು. ವಿಜಯಪುರದಲ್ಲಿ ಅಲ್-ಅಮೀನ್, ಸಾಂಗ್ಲಿಯಲ್ಲಿ ಭಾರತಿ ವಿದ್ಯಾಪೀಠದ ಕಾಲೇಜು ಇವೆ. ಕಲಿಯುವವರು ಪ್ರಾಧ್ಯಾಪಕರ ಕಣ್ಣೆದುರು ಮಾಡುವುದರಿಂದ ಇಂಥ ಕಡೆ ಸಾಮಾನ್ಯವಾಗಿ ಖರ್ಚು ಕಡಿಮೆ, ಆದರೆ ಸಲ ಹೆಚ್ಚು ಹೋಗಬೇಕಾಗುತ್ತದೆ. ಸಮಯ ಇದ್ದವರು ಖಂಡಿತ ವಿಚಾರಿಸಿ. ಇಬ್ಬರೇ ಶಿಕ್ಷಕರಿರುವ ನಮ್ಮ ಶಾಲೆಯಿಂದ ಅಷ್ಟು ರಜೆ ಹಾಕುವುದು ನನಗೆ ಆಗುವ ಮಾತಲ್ಲ.

ಬ್ರಿಜ್ಜಿಗೆ ನಾನು ಒಪ್ಪದಿರಲು ಕಾರಣ ಆ ಎರಡು ಪಕ್ಕದ ಹಲ್ಲುಗಳು. ಅವಕ್ಕೆ ಹುಳುಕಿಲ್ಲ, ನೋವಿಲ್ಲ. ಹಲ್ಲಿನ ಮೇಲಿನ ಗಟ್ಟಿ ಪದರವನ್ನು ಒಮ್ಮೆ ಅರೆದರೆ ಅದು ಮತ್ತೆ ಬೆಳೆಯುವುದಿಲ್ಲ. ಮುಂದೆ ಅದರಲ್ಲಿ ಒಂದು ಕೆಟ್ಟರೆ ಮೂರಕ್ಕೂ ಧಕ್ಕೆ. ಈಗಾಗಲೇ ಹುಳುಕು ತುಂಬಿಸಿದ, ಕ್ಯಾಪು ಹಾಕಿದ ಹಲ್ಲುಗಳು ಪಕ್ಕದಲ್ಲಿದ್ದರೆ ನಾನೂ ಬ್ರಿಜ್ಜನ್ನೇ ಆರಿಸುತ್ತಿದ್ದೆ, ಅದು ಕೆಟ್ಟ ಉಪಾಯವಲ್ಲ. ಜೊತೆಗೆ ಹಲ್ಲಿಲ್ಲದ ಕಡೆ ಎಲುಬು ಕರಗುತ್ತಾ ಹೋಗುತ್ತದೆ, ಮೊದಲ ವರ್ಷದಲ್ಲೇ ಹೆಚ್ಚು. ಮುಂದಿನ ವರ್ಷ ನೋಡೋಣ ಅಂದರೆ ಆಗ ಎಲುಬು ತುಂಬುವ ಖರ್ಚೂ ಸೇರಬಹುದು. ನನಗೀಗ 45, ಮಹಾರಾಷ್ಟ್ರದಲ್ಲಿ ನಮಗೆ ನಿವೃತ್ತಿ 58ಕ್ಕೆ. ಇನ್ನೂ 13 ವರ್ಷ 'ಬೆಳೆ' ಎಂದು ಹೇಳಬೇಕು.

ವೈದ್ಯರನ್ನು ಒಂದಿಷ್ಟು ಪ್ರಶ್ನೆ ಕೇಳಿದೆ. ಇದು ಜೀವಮಾನವಿಡೀ ಇರುತ್ತದೆಯೇ? ಗ್ಯಾರಂಟಿ ಇಲ್ಲ ಅಂದರು. ಹತ್ತು ವರ್ಷದ ನಂತರವೂ ನೂರರಲ್ಲಿ 90ಕ್ಕಿಂತ ಹೆಚ್ಚು ಉಳಿದಿರುತ್ತವೆ, ಮೇಲಿನ ಹಲ್ಲು ಮಾತ್ರ ನಡುವೆ ಬದಲಿಸಬೇಕಾಗಬಹುದು. ಸ್ಕ್ರೂಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸ್ವಚ್ಛ ಇಡದಿದ್ದರೆ ಸುತ್ತಲಿನ ವಸಡು ಸೋಂಕಾಗಿ ಎಲುಬು ಸವೆಯುತ್ತದೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಕೈಕೊಡುವ ಸಂಭವ ಹೆಚ್ಚು. ಎಲುಬು ಕಡಿಮೆ ಇದ್ದರೆ ತಾವೇ ಬೇಡ ಅನ್ನುವುದಾಗಿಯೂ ಹೇಳಿದರು. ಹೀಗೆ ಬೇಡ ಅನ್ನಲು ತಯಾರಿದ್ದವರ ಮೇಲೆ ನನಗೆ ವಿಶ್ವಾಸ ಬಂತು. ಯಾರೇ ಹೋದರೂ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ, ಹಣ ಆಮೇಲೆ ಮಾತಾಡಿ.

ಮಗಳ ಫೀ ಶಿಕ್ಷಕರ ಸೊಸಾಯಿಟಿಯಲ್ಲಿ ಸಾಲ ತೆಗೆದು ಕಟ್ಟುವುದು, ಕೈಯಲ್ಲಿದ್ದ ಹಣ ಹಲ್ಲಿಗೆ ಅಂತ ಕೊನೆಗೆ ನಾವಿಬ್ಬರೂ ಕೂತು ತೀರ್ಮಾನಿಸಿದೆವು. ಹೆಂಡತಿ ಪೂರ್ತಿ ಒಪ್ಪಿದಳು ಅಂತ ಹೇಳಲಾರೆ. ಮೇ ರಜೆಯಲ್ಲಿ ಸ್ಕ್ರೂ ಕೂತಿತು. ಮರಗಟ್ಟಿಸುವ ಇಂಜೆಕ್ಷನ್ನಿನ ಚುಚ್ಚು ಬಿಟ್ಟರೆ ನೋವು ತಿಳಿಯಲಿಲ್ಲ, ಎರಡು ದಿನ ತುಟಿ ಬಾತಿತ್ತು, ಒಂದು ವಾರ ಗಂಜಿ ಮತ್ತು ಮೊಸರನ್ನ. ಮೇಲಿನ ಹಲ್ಲು ಸೆಪ್ಟೆಂಬರಿನಲ್ಲಿ.

ಅಲ್ಲಿಯವರೆಗೆ ಪ್ಲೇಟೇ ಗತಿ. ಹಾಗಾಗಿ ಈ ಜೂನಿನಿಂದ ಳ, ಟ, ಡ, ಣ ಬರುವ ಪಾಠ ಇದ್ದಾಗ ನಾಲ್ಕನೇ ಇಯತ್ತೆಯ ಒಬ್ಬ ಹುಡುಗಿಯನ್ನು ಕರೆದು ನಿಲ್ಲಿಸುತ್ತೇನೆ. ಅವಳು ಹೇಳುತ್ತಾಳೆ, ಚಿಕ್ಕವರು ಬರೆಯುತ್ತಾರೆ. ಆಕೆಯ ಳ ನನ್ನ ಹಳೆಯ ಳಕ್ಕಿಂತ ಚೆನ್ನಾಗಿದೆ. ಹೋದ ವಾರದ ಶ್ರುತಲೇಖನದಲ್ಲಿ ಬೆಳೆ ಎಲ್ಲರಿಗೂ ಬೆಳೆಯೇ ಆಗಿತ್ತು.

ಆ ಕಬಡ್ಡಿ ಹುಡುಗ ಏಳನೆಯದು ಮುಗಿಸಿ ಬೇರೆ ಊರಿನ ಹೈಸ್ಕೂಲಿಗೆ ಹೋಗುತ್ತಿದ್ದಾನೆ. ಖರ್ಚು ಎಷ್ಟಾಯಿತು ಅಂತ ಅವನ ಅಪ್ಪ ಸಂತೆಯಲ್ಲಿ ಮತ್ತೆ ಕೇಳಿದ. ಪ್ಲೇಟಿನ ಖರ್ಚು ಮಾತ್ರ ಹೇಳಿ ಮುಂದೆ ಹೋದೆ.