ಲಾರಿಯ ಮೀಟರು, ಡಬ್ಬಿ ಮತ್ತು ಎಂಟನೇ ತರಗತಿ

ಬೋಧನಾಭ್ಯಾಸದ ಅವಧಿಯಲ್ಲಿ ಸಿರಿಗೇರಿಯ ಪ್ರೌಢಶಾಲೆಯೊಂದರ 8ನೇ ತರಗತಿಗೆ ಒತ್ತಡದ ಪಾಠ ಮಾಡುವ ಅವಕಾಶ ನನಗೆ ದೊರೆಯಿತು. ಪಠ್ಯದ ಉದಾಹರಣೆಗಳ ಜೊತೆಗೆ ಊರಿನದೂ ಒಂದು ಇರಲಿ ಎಂದು ಲಾರಿಯ ಡ್ಯಾಶ್‌ಬೋರ್ಡನ್ನು ಆರಿಸಿಕೊಂಡೆ. ಭತ್ತದ ಸುಗ್ಗಿಯಲ್ಲಿ ಇಲ್ಲಿ ಲಾರಿ ಕಾಣದ ಮಗುವಿಲ್ಲ. ತರಗತಿಯ ಹಲವರ ಮನೆಯಲ್ಲಿ ಡ್ರೈವರ್ ಇದ್ದಾರೆ, ಇಲ್ಲವೇ ಕ್ಲೀನರ್ ಇದ್ದಾರೆ.

ತೊಡಗಿಸಿಕೊಳ್ಳುವಿಕೆಯ ಹಂತಕ್ಕೆ ಜಾತ್ರೆಯ ಪೀಪಿ ಸಾಕಾಯಿತು. ಊದಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಸುತ್ತಿಕೊಳ್ಳುತ್ತದೆ. ಹಳೆಯ ಲಾರಿಗಳ ಏರ್ ಮೀಟರಿನೊಳಗೂ ಇಂಥದೇ ಬಾಗಿದ ಲೋಹದ ನಳಿಕೆ ಇರುತ್ತದೆ. ಫ್ರಾನ್ಸಿನ ಯೂಜೀನ್ ಬೌರ್ಡನ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹವಾ ತುಂಬಿದಂತೆ ನಳಿಕೆ ನೆಟ್ಟಗಾಗಲು ಹೊರಡುತ್ತದೆ, ಮುಳ್ಳು ತಿರುಗುತ್ತದೆ. ಮುಳ್ಳು ಸೊನ್ನೆಯಲ್ಲಿದ್ದರೆ ಟ್ಯಾಂಕಿನಲ್ಲಿ ಗಾಳಿಯೇ ಇಲ್ಲವೆ ಎಂದು ಕೇಳಿದೆ. ಬಹುತೇಕರು ಇಲ್ಲ ಎಂದರು. ಹೊರಗಿನ ವಾತಾವರಣದಷ್ಟೇ ಒತ್ತಡ, ಅಂದರೆ ಸುಮಾರು 1 ಲಕ್ಷ ಪ್ಯಾಸ್ಕಲ್, ಒಳಗೂ ಇರುತ್ತದೆ. ಮೀಟರು ತೋರಿಸುವುದು ಅದಕ್ಕಿಂತ ಹೆಚ್ಚಾದದ್ದನ್ನು ಮಾತ್ರ ಎಂಬಲ್ಲಿಗೆ ಚರ್ಚೆಯಿಂದಲೇ ಬಂದೆವು.

ವಿಸ್ತರಿಸುವಿಕೆಯ ಹಂತದಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ನಮ್ಮಪ್ಪ ಓಡ್ಸೋ ಲಾರಿಗೆ ಒಂದು ಡಬ್ಬಿ ಹಾಕ್ಸ್ಯಾರ ಸಾರ್. ಕರಿ ಹೊಗಿ ಬರ್ತೈತಿ, ಆದ್ರ ಲೋಡು ಚಲೋ ಎಳೀತೈತಿ. ಅದು ತಪ್ಪಾ?”

ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ತಪ್ಪು ಎಂದರೆ ಅವನ ಅಪ್ಪನನ್ನು ತರಗತಿಯ ಮುಂದೆ ನಿಲ್ಲಿಸಿದಂತೆ. ಸರಿ ಎಂದರೆ ಸುಳ್ಳು. ಹಾಗಾಗಿ ಡಬ್ಬಿ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡೋಣ ಎಂದೆ.

ಈಗಿನ ಎಂಜಿನ್ನುಗಳಲ್ಲಿ ಎಷ್ಟು ಡೀಸೆಲ್ ಸಿಂಪಡಿಸಬೇಕೆಂದು ಒಂದು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಇಂಧನದ ಕೊಳವೆಯಲ್ಲಿ ಒತ್ತಡ ಸಾವಿರ ಬಾರ್ ಮೀರಿರುತ್ತದೆ. ಅದನ್ನು ಅಳೆಯುವ ಸಂವೇದಕ ವೋಲ್ಟೇಜಿನ ರೂಪದಲ್ಲಿ ಸುದ್ದಿ ಕಳಿಸುತ್ತದೆ. ಇಂಥ ಡಬ್ಬಿಗಳಲ್ಲಿ ಹಲವು ನಡುವೆ ಕೂತು ಆ ವೋಲ್ಟೇಜನ್ನು ತಗ್ಗಿಸುತ್ತವೆ. ಒತ್ತಡ ಕಡಿಮೆಯಿದೆ ಎಂದು ನಂಬಿದ ಕಂಪ್ಯೂಟರ್ ಅದನ್ನು ಏರಿಸುತ್ತದೆ. ಒಳಗೆ ಹೋಗುವ ಡೀಸೆಲ್ ಹೆಚ್ಚುತ್ತದೆ.

“ಕಾಲುವಿ ನೀರು ಬಂದಿದ್ರೂ ಬಂದಿಲ್ಲ ಅಂತ ಹೇಳಿ ತೂಬು ಇನ್ನಷ್ಟು ತೆಗಿಸಿದಂಗ ಸಾರ್,” ಎಂದಳು ಮುಂದಿನ ಸಾಲಿನ ಹುಡುಗಿ. ನನ್ನ ಬಳಿ ಇದಕ್ಕಿಂತ ಒಳ್ಳೆಯ ಹೋಲಿಕೆ ಇರಲಿಲ್ಲ. ಕಾಲುವೆಯ ಕೊನೆಯ ಹೊಲದವರಿಗೆ ಏನಾಗುತ್ತದೆ ಎಂದು ಈ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಎಂಜಿನ್ನಿಗೆ ಏನಾಗಬಹುದು ಎಂಬುದನ್ನು ಅವರೇ ಪಟ್ಟಿ ಮಾಡಿದರು: ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು ಮಸಿ, ಹೆಚ್ಚು ಕಾವು, ಹಿಂದೆ ಬರುವ ಸೈಕಲ್ಲಿನವರ ಕಣ್ಣಿಗೆ ಹೊಗೆ. ಹೊಗೆ ಕೊಳವೆಯ ತಾಪ ತೋರಿಸುವ ಮಾಪಕವಿಲ್ಲದಿದ್ದರೆ ಆ ಕಾವು ಡ್ರೈವರಿಗೆ ಬೇಗ ತಿಳಿಯುವುದೂ ಇಲ್ಲ. ಮಾಮೂಲಿ ಹೀಟ್ ಮೀಟರು ಅಳೆಯುವುದು ರೇಡಿಯೇಟರಿನ ನೀರಿನ ಕಾವನ್ನು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಹೊಗೆ ಶುದ್ಧಮಾಡಲು ಯೂರಿಯಾ ದ್ರಾವಣ ಬಳಸುತ್ತಾರೆ ಎಂದಾಗ, ಗದ್ದೆಗೆ ಎರಚುವ ಯೂರಿಯಾನೇ ಎಂದು ಎಲ್ಲರೂ ನಕ್ಕರು.

ಎರಡು ದಿನದ ನಂತರ ಆ ಹುಡುಗ ತಾನಾಗಿಯೇ ಬಂದು ಹೇಳಿದ: “ಅಪ್ಪಗ ಎಲ್ಲಾ ಹೇಳಿದೆ ಸಾರ್. ಡಬ್ಬಿ ತೆಗೆಯೋದು ಸಾಹುಕಾರ್ರ ಕೈಯಾಗೈತಂತ.”

ಮಾರ್ಗದರ್ಶಕ ಉಪನ್ಯಾಸಕರು ನನ್ನ ದಿನಚರಿಯಲ್ಲಿ ಈ ಮಾತಿನ ಕೆಳಗೆ ಗೆರೆ ಎಳೆದರು. ವಿಜ್ಞಾನದ ತಿಳಿವಳಿಕೆ ಮನೆಗೆ ತಲುಪಿತ್ತು. ನಿರ್ಧಾರದ ಅಧಿಕಾರ ಮಾತ್ರ ಆ ಮನೆಯಲ್ಲಿ ಇರಲಿಲ್ಲ. ಮುಂದಿನ ತಂಡದವರು ಈ ಪಾಠ ಮಾಡುವುದಾದರೆ ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸೇರಿಸಿಕೊಳ್ಳಲಿ: ಡಬ್ಬಿಯಿಂದ ಲಾಭ ಯಾರಿಗೆ, ಹೊಗೆ ಯಾರಿಗೆ?