ಮಣಿಕಟ್ಟಿಗೊಬ್ಬ ಗುಮಾಸ್ತ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಕ್ಯಾಶ್ ತಾಳೆಯಾಗದೆ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಎಂಟಾದರೂ ಮನೆಗೆ ಹೋಗುವಂತಿರಲಿಲ್ಲ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಆ ಅಭ್ಯಾಸ ಬಿಟ್ಟಿಲ್ಲ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು, ನನ್ನ ಬಿ.ಪಿ. ಎಲ್ಲವೂ ಒಂದೇ ಡೈರಿಯಲ್ಲಿ. ಹಾಗಾಗಿ ಯುಗಾದಿಗೆ ಮಗ, "ಅಪ್ಪ, ನೀವೊಂದು ಫಿಟ್‌ನೆಸ್ ಬ್ಯಾಂಡ್ ಕಟ್ಟಿಕೊಳ್ಳಿ, ದುಡ್ಡು ನಾನು ಕೊಡ್ತೀನಿ" ಎಂದಾಗ ನಾನು ಮೊದಲು ಕೇಳಿದ್ದು, "ಅದರ ಲೆಕ್ಕ ಸರಿ ಇರತ್ತೇನೋ?" ಎಂದು.

ಒಪ್ಪಿಕೊಂಡಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಕೆಲವು ವಾರಗಳಿಂದ ಕುರ್ಚಿಯಿಂದ ಏಳುವಾಗ ಕಣ್ಣು ಕತ್ತಲೆ ಬಂದಂತಾಗುತ್ತಿತ್ತು. ಒಂದು ದಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಿದ್ದವನು ಬೆಂಚು ಹಿಡಿದು ಕೂತುಬಿಟ್ಟಿದ್ದೆ. ಜೊತೆಗಿದ್ದ ನನ್ನಾಕೆಗೆ, "ಷೂ ಲೇಸು ಬಿಚ್ಚಿತ್ತು" ಎಂದು ಸುಳ್ಳು ಹೇಳಿದ್ದೆ.

ಎಂಟನೆಯ ಕ್ಲಾಸಿನ ಮೊಮ್ಮಗಳನ್ನು ಕರೆದುಕೊಂಡು ದೇವರಾಜ ಅರಸು ರಸ್ತೆಯ ಒಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಥಳಥಳ ಹೊಳೆಯುವ ವಾಚೊಂದನ್ನು ತೆಗೆದಿಟ್ಟ. "ಸಾರ್, ಇದರಲ್ಲಿ ಬಿ.ಪಿ., ಶುಗರ್ ಎರಡೂ ಬರತ್ತೆ. 1,800 ಅಷ್ಟೇ."

"ಅಂಕಲ್, ಸೂಜಿ ಚುಚ್ಚದೆ ಶುಗರ್ ಹೇಗೆ ಗೊತ್ತಾಗತ್ತೆ?" ಎಂದಳು ಪುಟ್ಟಿ. ಹದಿನೈದು ವರ್ಷದಿಂದ ಅಜ್ಜಿ ಬೆರಳು ಚುಚ್ಚಿಕೊಳ್ಳುವುದನ್ನು ನೋಡುತ್ತಾ ಬೆಳೆದ ಮನೆಯ ಮಗು. ಹುಡುಗ ನಕ್ಕು, "ಸೆನ್ಸರ್ ಇದೆ ಪಾಪ" ಎಂದ. ಅವಳ ಪ್ರಶ್ನೆಯೇ ಸರಿ. ಚುಚ್ಚದೆ ಸಕ್ಕರೆ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಎಚ್ಚರಿಕೆ ಕೊಟ್ಟಿದೆ. ತಪ್ಪು ಅಂಕಿ ನೋಡಿ ಇನ್ಸುಲಿನ್ ಹೆಚ್ಚುಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಬಂದೀತು. ಬಿ.ಪಿ. ಅಳೆಯಲು ನಮ್ಮನೆಯಲ್ಲಿ ತೋಳಿಗೆ ಸುತ್ತುವ ಪಟ್ಟಿಯ ಯಂತ್ರ ಇದೆ, ಸಾಕು.

ಕೊನೆಗೆ ಆರಿಸಿದ್ದು ಒಂದು ಸಾದಾ ಬ್ಯಾಂಡ್. ಹೆಜ್ಜೆ, ನಾಡಿ, ನಿದ್ದೆ, ಈ ಮೂರೇ ಅದರ ಕೆಲಸ. ನಾನು ನೋಡಿದ್ದು ಬೇರೆ ವಿಷಯ. ಬಿಸಿಲಲ್ಲಿ ಕನ್ನಡಕವಿಲ್ಲದೆ ಅಂಕಿ ಕಾಣಬೇಕು. ಗಂಟು ನೋವಿನ ಬೆರಳಲ್ಲಿ ಕೊಂಡಿ ಹಾಕಲು ಬರಬೇಕು. ದಿನಾ ಚಾರ್ಜ್ ಮಾಡುವ ವಾಚಾದರೆ ಮೂರನೆಯ ದಿನ ಮರೆತು ಬೀರುವಿನಲ್ಲಿಡುತ್ತೇನೆ, ನನ್ನನ್ನು ನಾನು ಬಲ್ಲೆ. ಇದಕ್ಕೆ ಹತ್ತು ದಿನಕ್ಕೊಮ್ಮೆ ಸಾಕಂತೆ.

ಮನೆಗೆ ತಂದ ಮೇಲೆ ಪರೀಕ್ಷೆ ಆಗಲೇಬೇಕಲ್ಲ. 400 ಮೀಟರ್ ಟ್ರ್ಯಾಕ್ ಇರುವ ಮೈದಾನಕ್ಕೆ ಹೋಗಿ, ನೋಟು ಎಣಿಸುವ ಹಾಗೆ ಒಂದೊಂದೇ ಹೆಜ್ಜೆ ಎಣಿಸುತ್ತಾ ಒಂದು ಸುತ್ತು ಬಂದೆ. ನನ್ನ ಲೆಕ್ಕ 662, ಬ್ಯಾಂಡಿನದು 648. ಕೈ ಹಿಂದಕ್ಕೆ ಕಟ್ಟಿಕೊಂಡು ನಡೆದರೆ ಇನ್ನೂ ಕಡಿಮೆ ತೋರಿಸಿತು. ಕಾಲಿನ ಲೆಕ್ಕವನ್ನು ಅದು ಕೈಯ ಅಲುಗಾಟದಿಂದ ಊಹಿಸುತ್ತದೆ. ನನ್ನಾಕೆ ಅದನ್ನು ಕಟ್ಟಿಕೊಂಡು ಒಂದು ಹೋಳು ಕಾಯಿ ತುರಿದಳು, ಕೂತಲ್ಲೇ ಎಂಬತ್ತು ಹೆಜ್ಜೆ ನಡೆದಿದ್ದಳು!

ನಾಡಿಯ ಲೆಕ್ಕ ಹಾಗಲ್ಲ. ಬ್ಯಾಂಡಿನ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪ ನೋಡಿದ್ದೀರಲ್ಲ ಮಕ್ಕಳೇ? ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಎದೆ ಒಮ್ಮೆ ಬಡಿದಾಗ ಮಣಿಕಟ್ಟಿಗೆ ರಕ್ತ ನುಗ್ಗುತ್ತದೆ, ಆಗ ವಾಪಸು ಬರುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸುವುದೇ ಅದರ ಕೆಲಸ. ಬಳೆಯಂತೆ ಸಡಿಲ ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ತಿಳಿದೂ ನಾನು ಒಂದು ಹುಚ್ಚಿಗೆ ಬಿದ್ದೆ. ದಿನಕ್ಕೆ 10,000 ಹೆಜ್ಜೆ! ಈ ಸಂಖ್ಯೆ ವೈದ್ಯರು ಕಂಡುಹಿಡಿದದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕ ಮಾರಿತು. ಅದಕ್ಕಿಟ್ಟ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ಆ ಹೆಸರು ಊರೆಲ್ಲ ಹಬ್ಬಿತು. ಇದು ನನಗೆ ಗೊತ್ತಾದದ್ದು ಆಮೇಲೆ.

ಒಂದು ಭಾನುವಾರ ರಾತ್ರಿ ಊಟ ಮುಗಿಸಿ ಕೂತಿದ್ದೆ. ಬ್ಯಾಂಡ್ ನೋಡಿದರೆ 9,400. ಆರುನೂರು ಬಾಕಿ! ತಟಕ್ಕನೆ ಎದ್ದೆ. ಗೋಡೆ ತಿರುಗಿತು. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಪುಟ್ಟಿ ನೋಡಿಬಿಟ್ಟಳು. ನನ್ನನ್ನು ಸೋಫಾದ ಮೇಲೆ ಕೂರಿಸಿ ಮಣಿಕಟ್ಟು ತಿರುಗಿಸಿದಳು. 44. ಐದು ನಿಮಿಷ ಬಿಟ್ಟು ನೋಡಿದರೂ 44.

"ತಾತ, ಸುಮ್ಮನೆ ಕೂತಾಗ ದೊಡ್ಡವರಿಗೆ 60ರಿಂದ 100 ಇರಬೇಕು ಅಂತ ನಮ್ಮ ಟೀಚರ್ ಹೇಳಿದ್ದಾರೆ. ಇದು ತಪ್ಪು ತೋರಿಸ್ತಿದೆ ಅಲ್ವಾ?"

ಹೌದು ಎಂದುಬಿಡಲು ಮನಸ್ಸಾಯಿತು. ಆದರೆ ತಾಳೆ ನೋಡದೆ ಲೆಡ್ಜರನ್ನು ತಪ್ಪು ಎನ್ನುವುದು ಹೇಗೆ? ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು ಎಣಿಸುವುದನ್ನು ಅವಳಿಗೆ ತೋರಿಸಿದೆ. ಹೆಬ್ಬೆರಳಿಡಬಾರದು, ಅದಕ್ಕೆ ಅದರದೇ ಮಿಡಿತವಿದೆ. ಗೋಡೆ ಗಡಿಯಾರ ನೋಡುತ್ತಾ ಅವಳು 30 ಸೆಕೆಂಡಿಗೆ 22 ಎಣಿಸಿದಳು. ಎರಡರಿಂದ ಗುಣಿಸಿ ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಅಜ್ಜಿಗೆ ಹೇಳೋಣ" ಎಂದಳು.

ಅಜ್ಜಿ ಏನೆಂದಳೆಂದು ಇಲ್ಲಿ ಬರೆಯುವುದಿಲ್ಲ. "ಷೂ ಲೇಸು" ಎಂಬ ಮಾತು ಅದರಲ್ಲಿ ನಾಲ್ಕು ಸಲ ಬಂತು.

ಮರುದಿನ ಡಾಕ್ಟರು ಬ್ಯಾಂಡಿನ ಕಡೆ ನೋಡಲಿಲ್ಲ, ಇ.ಸಿ.ಜಿ. ಮಾಡಿಸಿದರು. ನಾನು ಬಿ.ಪಿ.ಗೆಂದು ನುಂಗುತ್ತಿದ್ದ ಮಾತ್ರೆ ಎದೆಬಡಿತವನ್ನು ನಿಧಾನ ಮಾಡುವ ಜಾತಿಯದು, ನನಗೆ ಅದು ಹೆಚ್ಚಾಗಿತ್ತು. "ಯಾವಾಗಿನಿಂದ ಹೀಗೆ?" ಎಂದಾಗ ಮಾತ್ರ ಪುಟ್ಟಿ ಮೊಬೈಲಿನಲ್ಲಿದ್ದ ಒಂದು ತಿಂಗಳ ಲೆಕ್ಕ ತೆರೆದು ತೋರಿಸಿದಳು. ಅದನ್ನು ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಹೆದರಿಕೊಂಡು ನೀವೇ ಮಾತ್ರೆ ನಿಲ್ಲಿಸಲಿಲ್ಲವಲ್ಲ, ಒಳ್ಳೆಯದಾಯಿತು. ಇದನ್ನು ಏಕಾಏಕಿ ಬಿಡಬಾರದು" ಎಂದು ಪ್ರಮಾಣ ಇಳಿಸಿ ಬರೆದುಕೊಟ್ಟರು. ಎರಡು ವಾರದಲ್ಲಿ ತಲೆ ಸುತ್ತುವುದು ನಿಂತಿತು.

ಈಗ ನನ್ನ ನಡಿಗೆ ದಿನಕ್ಕೆ ಅರ್ಧ ಗಂಟೆ, ಹೆಜ್ಜೆ ಎಷ್ಟಾದರೂ ಆಗಲಿ. ಭಾನುವಾರ ಬೆಳಿಗ್ಗೆ ಪುಟ್ಟಿಯ ಆಡಿಟ್. ಬೆರಳಿಟ್ಟು ನಾಡಿ ಎಣಿಸಿ, ಬ್ಯಾಂಡಿನ ಅಂಕಿಯೊಂದಿಗೆ ಹೋಲಿಸಿ, ನನ್ನ ಡೈರಿಯಲ್ಲಿ ಸಹಿ ಹಾಕುತ್ತಾಳೆ. ಕಳೆದ ವಾರ ಅವಳ ಲೆಕ್ಕ 64, ಬ್ಯಾಂಡಿನದು 66.

"ಎರಡು ವ್ಯತ್ಯಾಸ ಇದೆ ತಾತ. ತಾಳೆ ಆಗೋವರೆಗೂ ಏಳೋ ಹಾಗಿಲ್ಲ" ಎಂದಳು.

ಒಳಗೆ ದೋಸೆ ಆರುತ್ತಿತ್ತು.