ಡಿಸೆಂಬರ್ ಒಂದರೊಳಗೆ

ನವೆಂಬರ್ 10, 2025, ಸೋಮವಾರ

ಮತ್ತೆ ಅರ್ಧವಾರ್ಷಿಕ ವರದಿಗಳ ಕಾಲ, ಪರಿಸರ ಅನುಮತಿಯ ಷರತ್ತುಗಳನ್ನು ಪಾಲಿಸಿದ್ದಾರಾ ಎಂದು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನದು ಡಿಸೆಂಬರ್ 1ರೊಳಗೆ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಸೇರಬೇಕು. ನನ್ನ ಪಾಲಿಗೆ ವರ್ತೂರಿನ ಆಚೆಯ ಅಪಾರ್ಟ್‌ಮೆಂಟ್, ಕೆರೆ ಪಕ್ಕದ್ದು. ಹಿಂದಿನ ವರದಿ ತೆಗೆದು ನೋಡಿದೆ. ಎಡಗಡೆ ಷರತ್ತು, ಬಲಗಡೆ ಉತ್ತರ. ಬಲಗಡೆ ಪುಟಗಟ್ಟಲೆ ಒಂದೇ ಸಾಲು: ಪಾಲಿಸಲಾಗುತ್ತಿದೆ.

ಎಡಗಡೆಯದನ್ನು ನಿಧಾನವಾಗಿ ಓದಿದೆ. ಅಗೆದ ಮೇಲ್ಮಣ್ಣನ್ನು ಕೂಡಿಟ್ಟು ಅಲ್ಲೇ ಗಿಡಗಳಿಗೆ ಬಳಸಬೇಕು. 80 ಚದರ ಮೀಟರ್‌ಗೆ ಒಂದು ಮರ. ಕಾರ್ಮಿಕರಿಗೆ ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವೈದ್ಯಕೀಯ ನೆರವು, ಮಕ್ಕಳಿಗೆ ಶಿಶುಪಾಲನಾ ಕೇಂದ್ರ. ಕಟ್ಟುವವರ ಕೂಸುಗಳ ತನಕ ಯೋಚಿಸಿದ್ದಾರೆ. ಬರೆದವರ ಮೇಲೆ ಗೌರವ ಬರುತ್ತದೆ.

ನವೆಂಬರ್ 12

ಸೈಟಿಗೆ ಹೋಗಿದ್ದೆ. ಎರಡು ಬ್ಲಾಕ್ ಎದ್ದಿವೆ, ಮೂರನೆಯದಕ್ಕೆ ಪಾಯ ತೋಡುತ್ತಿದ್ದಾರೆ. ಮೇಲ್ಮಣ್ಣಿನ ರಾಶಿ ಎಲ್ಲಿ ಎಂದು ಕೇಳಿದೆ. ಇಂಜಿನಿಯರ್ ಹಿಂದಿನ ಮೂಲೆಗೆ ಕರೆದೊಯ್ದ. ಅಲ್ಲಿದ್ದದ್ದು ಪಾಯದ ಕೆಂಪು ಮಣ್ಣು, ಕಲ್ಲು, ಒಡೆದ ಬ್ಲಾಕು. ಮೇಲ್ಮಣ್ಣು ಲಾರಿಯಲ್ಲಿ ಹೋಗಿದೆ ಅಂತ ಅವನೇ ಹೇಳಿದ. ಮರೆಮಾಚಲಿಲ್ಲ, ಅಷ್ಟು ಸಣ್ಣ ವಿಷಯ ಅವನಿಗೆ. ಒಂದು ಅಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಫೋಟೊ ತೆಗೆದೆ.

ಶಿಶುಪಾಲನಾ ಕೇಂದ್ರ? "ಮುಂದಿನ ವಾರ ಆಗುತ್ತೆ ಮೇಡಂ."

ಅದೇ ರಾತ್ರಿ

ಬೇಲಿಯ ಆಚೆ ಹಸು ಮೇಯಿಸುತ್ತಿದ್ದ ತಾತ ತಲೆಯಿಂದ ಹೋಗುತ್ತಿಲ್ಲ. ಅವರ ಅಪ್ಪ ಆ ಕೆರೆಯ ನೀರಗಂಟಿಯಂತೆ. "ಈ ಗೋಡೆ ಐತಲ್ಲಮ್ಮ, ಇಲ್ಲೇ ಹಳ್ಳ ಇತ್ತು. ಕೋಡಿ ಬಿದ್ರೆ ನೀರು ಹಿಂಗೇ ಹೋಗಿ ಕೆಳಗಲ ಕೆರೆಗೆ ಸೇರ್ತಿತ್ತು." ಈಗ ಎಲ್ಲಿ ಹೋಗುತ್ತದೆ ಅಂದೆ. ಕೈಯಲ್ಲಿದ್ದ ಕೋಲಿನಿಂದ ತಗ್ಗಿನಲ್ಲಿರುವ ತಮ್ಮ ಕೇರಿಯತ್ತ ತೋರಿಸಿದರು.

ಇಂಥ ಯೋಜನೆ ಶುರುವಾಗುವ ಮೊದಲು ಅವರನ್ನು ಯಾರೂ ಕೇಳಬೇಕಾಗಿಯೇ ಇಲ್ಲ. ಗಣಿಗೆ, ದೊಡ್ಡ ಕಾರ್ಖಾನೆಗೆ ಸಾರ್ವಜನಿಕ ಆಲಿಕೆ ಸಭೆ ಆಗುತ್ತದೆ. ಕಟ್ಟಡ ಯೋಜನೆಗಳಿಗೆ ಪರಿಸರ ಅನುಮತಿಯ 2006ರ ಅಧಿಸೂಚನೆಯಲ್ಲೇ ವಿನಾಯಿತಿ. 20,000 ಚದರ ಮೀಟರ್ ದಾಟಿದರೆ ಅನುಮತಿ ಬೇಕು, ಆದರೆ ಊರಿನ ಮಾತು ಬೇಡ.

ನವೆಂಬರ್ 14

ಭೂದಾಖಲೆ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಂಡೆ. ತಾತ ಹೇಳಿದ ಜಾಗದಲ್ಲೇ ಹಳ್ಳದ ಜೋಡಿ ಗೆರೆ. ಮಂಜೂರಾದ ನಕ್ಷೆಯಲ್ಲಿ ಅದು ಉತ್ತರದ ಗಡಿಗೆ ಸರಿದು ನೆಟ್ಟಗಿನ ಕಾಂಕ್ರೀಟ್ ಚರಂಡಿಯಾಗಿದೆ. ಆ ಚರಂಡಿಯಿಂದ ಅಳೆದರೆ ಕಟ್ಟದೆ ಬಿಡಬೇಕಾದ ಅಂತರ ಸರಿಯಾಗಿದೆ. ಹಳೆಯ ಹಳ್ಳದ ನಡುವಿನಿಂದ ಅಳೆದರೆ ಎರಡನೇ ಬ್ಲಾಕು ಆ ಅಂತರದ ಒಳಗೇ ಬರುತ್ತದೆ.

ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಕೆರೆಯಿಂದ 75 ಮೀಟರ್ ಬಿಡಬೇಕು ಅಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು, ನಗರದ ಮಹಾಯೋಜನೆಯ 30 ಮೀಟರೇ ಮತ್ತೆ ಗಟ್ಟಿಯಾಯಿತು. ಆಗ ನಮ್ಮ ಆಫೀಸಿನಲ್ಲಿ ಎಲ್ಲರೂ ಎಷ್ಟು ಮೀಟರ್ ಎಂದು ವಾದ ಮಾಡಿದ್ದರು. ಎಲ್ಲಿಂದ ಅಳೆಯಬೇಕು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ ಅಂತ ಇವತ್ತು ಅನ್ನಿಸಿತು. ನಕ್ಷೆ ಬದಲಿಸಿದ್ದಕ್ಕೆ ಆದೇಶ ಇದ್ದರೂ ಇರಬಹುದು. ಕಡತದಲ್ಲಿ ಕಾಣಲಿಲ್ಲ.

ನವೆಂಬರ್ 18

ಮಧ್ಯಾಹ್ನದ ಹೊತ್ತಿಗೆ ಸುದ್ದಿ. ವನಶಕ್ತಿ ಪ್ರಕರಣದಲ್ಲಿ ಮೇ 16ರಂದು ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟ್ ವಾಪಸ್ ಪಡೆದಿದೆ, ಇಬ್ಬರು ಒಂದು ಕಡೆ, ಒಬ್ಬರು ಒಂದು ಕಡೆ. ಮೊದಲು ಕಟ್ಟಿ ಆಮೇಲೆ ಪರಿಸರ ಅನುಮತಿ ತರುವಂತಿಲ್ಲ ಅಂತ ಮೇ ತೀರ್ಪು ಹೇಳಿತ್ತು. ಅದು ಉಳಿದರೆ ಸುಮಾರು 20 ಸಾವಿರ ಕೋಟಿ ರೂಪಾಯಿಯ ಸಾರ್ವಜನಿಕ ಕಾಮಗಾರಿಗಳನ್ನು ಕೆಡವಬೇಕಾಗುತ್ತದೆ ಅನ್ನುವುದು ಬಹುಮತದ ಕಾಳಜಿ. ಒಪ್ಪದವರು ನ್ಯಾಯಮೂರ್ತಿ ಉಜ್ಜಲ್ ಭುಯಾನ್. ಮೇ ಪೀಠದಲ್ಲೂ ಇದ್ದವರು.

ಆಫೀಸಿನ ಫೋನು ಸಂಜೆವರೆಗೂ ಬಿಡುವಿಲ್ಲದೆ ರಿಂಗಣಿಸಿತು. ಅನುಮತಿ ಇಲ್ಲದೆ ಕಟ್ಟಿದವರು ನಿರಾಳವಾಗಿ ಉಸಿರು ಬಿಟ್ಟಿದ್ದಾರೆ.

ಕಟ್ಟಿ ಮುಗಿದ ಆಸ್ಪತ್ರೆಯಂಥದ್ದನ್ನು ಕೆಡವು ಅಂತ ನನ್ನ ಬಾಯಲ್ಲೂ ಬರುವುದಿಲ್ಲ. ಆದರೆ ಕೆಡವಲಾರೆವು ಅಂತ ಗೊತ್ತಿದ್ದೇ ಅಲ್ಲವೇ ಮೊದಲು ಕಟ್ಟುವುದು? ತುಂಬಾ ಹೊತ್ತು ಕೆಲಸ ಹಿಡಿಯಲಿಲ್ಲ.

ನವೆಂಬರ್ 20

ಲ್ಯಾಬಿನ ಹಾಳೆಗಳು ಬಂದವು. ಗಾಳಿಯಲ್ಲಿನ ಸಣ್ಣ ದೂಳು, ಪಿಎಂ 10: ಮಿತಿ 100, ನಮ್ಮದು ಬಹಳ ಕೆಳಗೆ. ಮಾಪನದ ದಿನಾಂಕ ಆಗಸ್ಟ್‌ನದು, ಮಳೆ ಬಿದ್ದ ಮಾರನೇ ದಿನ. ಅಂಕಿ ಸುಳ್ಳಲ್ಲ. ಏಪ್ರಿಲ್‌ನಲ್ಲಿ ಲಾರಿ ಓಡಾಡಿದ ದಿನದ ಗಾಳಿ ಯಾವ ಹಾಳೆಯಲ್ಲೂ ಇಲ್ಲ.

ನವೆಂಬರ್ 22, ಶನಿವಾರ

ಶಿಶುಪಾಲನಾ ಕೇಂದ್ರ ಬಂದಿದೆ. ತಗಡಿನ ಕೋಣೆ, ಗೋಡೆಗೆ ಆನೆ, ಗಿಳಿ. ಹೊಸ ಬಣ್ಣದ ವಾಸನೆ. ಬಾಗಿಲಿಗೆ ಬೀಗ.

ಶೆಡ್ಡಿನ ಹತ್ತಿರ ಯಾದಗಿರಿ ಕಡೆಯ ಅಕ್ಕ ಇಟ್ಟಿಗೆ ಹೊರುತ್ತಿದ್ದಳು. ಕೂಸು ಮರಳಿನ ರಾಶಿಯ ಮೇಲೆ. "ಬೀಗದ ಕೈ ಯಾರ ಹಂತೇಕ ಐತೋ ಗೊತ್ತಿಲ್ರಿ. ಇಲ್ಲೇ ನನ್ನ ಕಣ್ಣಮುಂದನ ಇರ್ತದ ಬಿಡ್ರಿ." ನೀರಿನ ಟ್ಯಾಂಕರ್ ದಿನಾ ಬರುತ್ತದಂತೆ. ಒಲೆಗೆ ಸೆಂಟ್ರಿಂಗ್ ಹಲಗೆಯ ಚೂರು, ಗ್ಯಾಸ್ ಇಲ್ಲ.

ಇಂಜಿನಿಯರ್ ಕೋಣೆಯ ಮುಂದೆ ನಿಂತು ಫೋಟೊ ತೆಗೆಸಿದ. ನಾನು ಬೀಗ ಕಾಣುವಂತೆ ಇನ್ನೊಂದು ತೆಗೆದೆ.

ನವೆಂಬರ್ 25

ಸರ್ ಕರೆದು ಕೂರಿಸಿದರು. ಕರಡು ಪೂರ್ತಿ ಓದಿದ್ದರು, ಅದು ಅವರ ದೊಡ್ಡತನ. "ನೋಡಮ್ಮ, ಇದು ಬಿಲ್ಡರ್ ತನ್ನ ಬಗ್ಗೆ ತಾನೇ ಕೊಡುವ ವರದಿ. ಸಹಿ ಅವರದು, ದುಡ್ಡು ಅವರದು. ನಾವು ಬರೆದುಕೊಡುವವರು." ಮೇಲ್ಮಣ್ಣಿನ ಸಾಲು, ಬೀಗದ ಸಾಲು ಇರಲಿ, ಮೆತ್ತಗೆ ಬರೆ ಅಂದರು. ಹಳ್ಳದ್ದು ಬೇಡ, ಯಾವ ಷರತ್ತೂ ಅದನ್ನು ಕೇಳಿಲ್ಲ.

ಮಳೆನೀರಿನ ಸಹಜ ಹರಿವಿಗೆ ಅಡ್ಡಿ ಆಗಬಾರದು ಅನ್ನುವ ಷರತ್ತು ತೋರಿಸಿದೆ. ಸುಮ್ಮನಾದರು. "ಮುಂದಿನ ಸಲ ಬೇರೆಯವರಿಗೆ ಕೊಡ್ತಾರೆ. ಅವರು ಎಲ್ಲದಕ್ಕೂ ಪಾಲಿಸಲಾಗಿದೆ ಅಂತ ಬರೀತಾರೆ. ಅದರಿಂದ ಯಾರಿಗೆ ಒಳ್ಳೇದು?"

ಈ ಮಾತಿಗೆ ಉತ್ತರ ಇವತ್ತೂ ಸಿಗಲಿಲ್ಲ.

ನವೆಂಬರ್ 26

ನಿದ್ದೆ ಸರಿಯಾಗಲಿಲ್ಲ.

ಡಿಸೆಂಬರ್ 1, ಸೋಮವಾರ

ಏರಿಸಿಯಾಯಿತು. ಬಿಲ್ಡರ್ ಕಡೆಯವರು ಕೊನೆಗೆ ಒಪ್ಪಿದ ರೂಪ: ಮೇಲ್ಮಣ್ಣು "ಭಾಗಶಃ". ಶಿಶುಪಾಲನಾ ಕೇಂದ್ರ "ಒದಗಿಸಲಾಗಿದೆ", ಬೀಗದ ಫೋಟೊ ಇಲ್ಲ. ಸಹಜ ಹರಿವು "ಮಂಜೂರಾದ ನಕ್ಷೆಯಂತೆ". ಆ ಷರತ್ತಿನ ಅನುಬಂಧಕ್ಕೆ ನಾನು ಸೇರಿಸಿದ ಗ್ರಾಮ ನಕ್ಷೆ ಮಾತ್ರ ಉಳಿದಿದೆ. ಸರ್ ನೋಡಿದರೂ ತೆಗೆಯಲಿಲ್ಲ. ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಸಚಿವಾಲಯದ ಪ್ರಾದೇಶಿಕ ಕಚೇರಿಯಲ್ಲಿ ಯಾರಾದರೂ ಅಷ್ಟು ಕೆಳಗಿನ ಪುಟದವರೆಗೆ ಬಂದು ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರಾ?

ಡಿಸೆಂಬರ್ 3

ಅನುಮತಿ ಸಿಕ್ಕ ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಜಾಹೀರಾತು ಕೊಡಬೇಕು, ಒಂದು ಸ್ಥಳೀಯ ಭಾಷೆಯದು. ಕಡತದಲ್ಲಿ ಕತ್ತರಿಸಿದ ತುಣುಕು ಇದೆ, ಕನ್ನಡದ್ದೇ, ಬೆರಳಗಲ. ಅನುಮತಿ ಪತ್ರದ ಪ್ರತಿ ಇಂತಲ್ಲಿ ಸಿಗುತ್ತದೆ ಎಂದಿದೆ. ಆ ಪತ್ರ ಮಾತ್ರ ಪೂರ್ತಿ ಇಂಗ್ಲಿಷ್. ತಾತ ಹೋಗಿ ತಂದಿದ್ದರೂ ಏನು ಓದುತ್ತಿದ್ದರು?

ಊಟ ಆದಮೇಲೆ ಷರತ್ತುಗಳನ್ನು ಕನ್ನಡದಲ್ಲಿ ಬರೆಯಲು ಕೂತೆ. ಹರಿವಿನದು, ಮರದ್ದು, ಮಣ್ಣಿನದು, ಕೂಸುಗಳದ್ದು ಮೊದಲು. ಇದರಲ್ಲಿ ಗುಟ್ಟು ಏನೂ ಇಲ್ಲ, ಎಲ್ಲವೂ ಪೋರ್ಟಲ್‌ನಲ್ಲಿ ಇರುವುದೇ. ಆದರೂ ಸಂಬಳ ಕೊಡುವವರ ಕಡತದ ವಿಷಯವನ್ನು ಅವರ ಬೇಲಿಯಾಚೆಗೆ ದಾಟಿಸಿದಂತೆ ಆಗುತ್ತದಾ? ಸರ್‌ಗೆ ಹೇಳಿ ಕೊಡಲೋ, ಹೇಳದೆ ಕೊಡಲೋ? ತಾತ ಅದನ್ನು ಹಿಡಿದು ಪಂಚಾಯಿತಿಗೆ ಹೋದರೆ ಮೊದಲು ಕೇಳುವುದು ಯಾರು ಬರೆದುಕೊಟ್ಟರು ಅಂತಲೇ. ಎರಡು ಹಾಳೆ ಆಗಿದೆ. ಶನಿವಾರ ಆ ಕಡೆ ಇನ್ನೊಂದು ಸೈಟ್ ಭೇಟಿ ಇದೆ.